ಮಾವನ ದೋಣಿಗೂ ಜಿನೀವಾಕ್ಕೂ ಎಂತ ಸಂಬಂಧ?

2025ರ ಸೆಪ್ಟೆಂಬರ್ ಮೂರನೇ ವಾರ. ಮಲ್ಪೆ ಪಡುಕೆರೆಯ ಮಾವನ ಮನೆ ಜಗಲಿಯಲ್ಲಿ ಕೂತಿದ್ದೆ. ಮಾವ ಬಲೆ ಸರಿ ಮಾಡುತ್ತಿದ್ದರು. ಹರಿದ ಕಣ್ಣನ್ನು ಬೆರಳಲ್ಲಿ ಬಿಡಿಸಿ ಹಿಡಿಯುವುದು, ನೂಲು ಸುತ್ತಿದ ಕಡ್ಡಿಯನ್ನು ಒಳಗಿಂದ ತೂರಿಸುವುದು, ಎಳೆದು ಗಂಟು ಬಿಗಿಯುವುದು, ಮುಂದಿನ ಕಣ್ಣಿಗೆ ಹೋಗುವುದು. ಪಕ್ಕದಲ್ಲಿ ಎರಡು ಖಾಲಿ ಕ್ಯಾನ್. ದೋಣಿಯ ಎಂಜಿನ್‌ಗೆ ಹಾಕುವ ಸಬ್ಸಿಡಿ ಸೀಮೆಎಣ್ಣೆಯ ಕ್ಯಾನ್‌ಗಳು ಅವು. ಆ ತಿಂಗಳಿನದು ಇನ್ನೂ ಬಂದಿರಲಿಲ್ಲ.

ನಾನು ಮೊಬೈಲಿನಲ್ಲಿ ಓದುತ್ತಿದ್ದ ಸುದ್ದಿಯನ್ನು ಮಾವನಿಗೂ ಹೇಳಿದೆ. ಮೀನುಗಾರಿಕೆ ಸಬ್ಸಿಡಿಗೆ ಕಡಿವಾಣ ಹಾಕುವ, ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆಯಂತೆ, ಅಂತ. ಮಾವನ ಕೈಯ ಕಡ್ಡಿ ನಿಲ್ಲಲಿಲ್ಲ. "ನಮ್ಮ ದೋಣಿಗೂ ಆ ಜಿನೀವಾಕ್ಕೂ ಎಂತ ಸಂಬಂಧ ಮಾರಾಯ? ನಾವೇನು ಅವರ ಸಮುದ್ರಕ್ಕೆ ಹೋಗಿದ್ದೇವಾ?" ಅಂದರು.

ಅವತ್ತು ನನಗೆ ನೆಟ್ಟಗೆ ಉತ್ತರ ಹೇಳಲು ಆಗಲಿಲ್ಲ. ಆಮೇಲೆ ಒಪ್ಪಂದವನ್ನೂ ಅದರ ಹಿಂದಿನ ಜಗಳವನ್ನೂ ಕೂತು ಓದಿದೆ. ಸಂಬಂಧ ಇದೆ. ಅದನ್ನು ಮಾವನಿಗೆ ಹೇಳುವ ಹಾಗೆಯೇ ಇಲ್ಲಿ ಹೇಳಲು ನೋಡುತ್ತೇನೆ.

ಸರ್ಕಾರಗಳು ಮೀನುಗಾರಿಕೆಗೆ ಕೊಡುವ ಹಣದಿಂದ ಸಮುದ್ರ ಬರಿದಾಗುತ್ತಿದೆ, ಅದಕ್ಕೊಂದು ನಿಯಮ ಬೇಕು ಎಂಬ ಮಾತುಕತೆ ಶುರುವಾದದ್ದು 2001ರಲ್ಲಿ, ದೋಹಾದಲ್ಲಿ. ಮುಗಿಯಲು 21 ವರ್ಷ ಬೇಕಾಯಿತು. 2022ರ ಜೂನ್ 17ರಂದು ಜಿನೀವಾ ಸಮ್ಮೇಳನದಲ್ಲಿ ಒಪ್ಪಂದ ಆಯಿತು. ವಿಶ್ವ ವ್ಯಾಪಾರ ಸಂಸ್ಥೆಯ 166 ಸದಸ್ಯರಲ್ಲಿ ಮೂರನೇ ಎರಡು ಭಾಗ, ಅಂದರೆ 111 ಸದಸ್ಯರು, ಒಪ್ಪಿಗೆ ಪತ್ರ ಸಲ್ಲಿಸಿದಾಗ ಅದು ಜಾರಿಗೆ ಬಂತು. ಹಾಗೆ ಜಾರಿಗೆ ಬಂದ ದಿನ ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ.

ಒಪ್ಪಂದ ಮೂರು ಕಡೆ ಸಬ್ಸಿಡಿ ಬೇಡ ಅನ್ನುತ್ತದೆ. ಕಾನೂನು ಮೀರಿ, ಲೆಕ್ಕ ಕೊಡದೆ, ಯಾವ ನಿಯಮಕ್ಕೂ ಒಳಗಾಗದೆ ಮೀನು ಹಿಡಿಯುವ ಬೋಟುಗಳಿಗೆ ಕೊಡಬಾರದು. ಈಗಾಗಲೇ ಮಿತಿಮೀರಿ ಹಿಡಿದು ಕುಸಿದಿರುವ ಮೀನಿನ ಸಂತತಿಯನ್ನು ಹಿಡಿಯಲು ಕೊಡಬಾರದು. ಯಾವ ದೇಶದ ಹತೋಟಿಯೂ ಇಲ್ಲದ, ಯಾವ ನಿಯಮವೂ ಇಲ್ಲದ ದೂರದ ಕಡಲಿನಲ್ಲಿ ಹಿಡಿಯಲು ಕೊಡಬಾರದು. ಇದರಲ್ಲಿ ಯಾವುದನ್ನೂ ತಪ್ಪು ಅನ್ನಲು ಆಗುವುದಿಲ್ಲ.

ಸಬ್ಸಿಡಿಯಿಂದ ಮೀನು ಹೇಗೆ ಖಾಲಿಯಾಗುತ್ತದೆ ಅನ್ನುವುದು ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ನಿಂತವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಟ್ರಿಪ್‌ಗೆ ಹಾಕಿದ ಡೀಸೆಲ್, ಐಸ್, ರೇಷನ್, ಕೂಲಿ ಎಲ್ಲ ಸೇರಿ ಒಂದು ಮೊತ್ತ. ಏಲಂ ಆದಮೇಲೆ ಅಷ್ಟೂ ಹುಟ್ಟದಿದ್ದರೆ ನಷ್ಟ. ಸತತ ನಷ್ಟವಾದರೆ ಬೋಟು ದಡದಲ್ಲೇ ನಿಲ್ಲಬೇಕು, ಮೀನಿಗೆ ಸ್ವಲ್ಪ ಉಸಿರು ಸಿಗುತ್ತದೆ. ಆದರೆ ಡೀಸೆಲಿನ ಒಂದು ಪಾಲನ್ನು ಸರ್ಕಾರ ಕೊಟ್ಟರೆ ಮೀನು ಕಡಿಮೆಯಾದರೂ ಬೋಟು ಹೋಗುತ್ತದೆ. ಇನ್ನೂ ದೂರ ಹೋಗುತ್ತದೆ. ಇದನ್ನೇ ಸಾವಿರ ಪಟ್ಟು ದೊಡ್ಡದಾಗಿ ಮಾಡಿ ನೋಡಿ. ಆಫ್ರಿಕಾದ ತೀರದಲ್ಲೋ ಪೆಸಿಫಿಕ್ ನಡುವಿನಲ್ಲೋ ತಿಂಗಳುಗಟ್ಟಲೆ ನಿಂತು ಮೀನು ಹಿಡಿಯುವ ಹಡಗುಗಳು ಅವು. ಸಬ್ಸಿಡಿ ಇಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಹಡಗುಗಳ ಖರ್ಚೇ ಹುಟ್ಟುವುದಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರ ಲೆಕ್ಕ ಹಾಕಿದ್ದಾರೆ. ಇಡೀ ಜಗತ್ತಿನ ಸರ್ಕಾರಗಳು ಆ ವರ್ಷ ಮೀನುಗಾರಿಕೆಗೆ ಕೊಟ್ಟದ್ದು ಸುಮಾರು 3,540 ಕೋಟಿ ಡಾಲರ್. ಅದರಲ್ಲಿ 2,200 ಕೋಟಿಗೂ ಜಾಸ್ತಿ ಹಣ ಮೀನು ಹಿಡಿಯುವ ತಾಕತ್ತನ್ನು ಹೆಚ್ಚಿಸುವಂಥದ್ದು. ಇಂಧನ, ಹೊಸ ಹಡಗು, ಎಂಜಿನ್, ಇಂಥವು. ಚೀನಾ, ಯುರೋಪಿಯನ್ ಒಕ್ಕೂಟ, ಅಮೆರಿಕ, ದಕ್ಷಿಣ ಕೊರಿಯಾ, ಜಪಾನ್, ಈ ಐದೇ ಸೇರಿ ಒಟ್ಟು ಸಬ್ಸಿಡಿಯ ಅರ್ಧಕ್ಕಿಂತ ಹೆಚ್ಚು ಕೊಟ್ಟಿವೆ. ಸಮುದ್ರವನ್ನು ಯಾರು ಬರಿದು ಮಾಡಿದರು ಅಂತ ಕೇಳಿದರೆ ಬೆರಳು ಮೊದಲು ಯಾವ ಕಡೆ ತೋರಿಸಬೇಕು ಅನ್ನುವುದು ಇಲ್ಲಿಗೇ ಗೊತ್ತಾಗುತ್ತದೆ.

ಹಾಗಾದರೆ ತಕರಾರು ಎಲ್ಲಿ? ತಕರಾರು ಇರುವುದು ಒಪ್ಪಂದದ ಎರಡನೇ ಭಾಗದಲ್ಲಿ. 2022ರಲ್ಲಿ ಆದದ್ದು ಮೊದಲ ಕಂತು ಮಾತ್ರ. ಬೋಟುಗಳ ಸಂಖ್ಯೆ ಮತ್ತು ತಾಕತ್ತನ್ನು ಮಿತಿಮೀರಿ ಬೆಳೆಸುವ ಸಬ್ಸಿಡಿಯನ್ನು ಹೇಗೆ ತಡೆಯಬೇಕು ಅನ್ನುವ ನಿಜವಾದ ದೊಡ್ಡ ವಿಷಯ ಹಾಗೇ ಉಳಿಯಿತು. 2024ರಲ್ಲಿ ಅಬುಧಾಬಿ ಸಮ್ಮೇಳನದಲ್ಲಿ ಅದನ್ನು ಮುಗಿಸಲು ನೋಡಿದರು, ಆಗಲಿಲ್ಲ. ಅಡ್ಡ ನಿಂತವರಲ್ಲಿ ಭಾರತ ಮುಂಚೂಣಿಯಲ್ಲಿತ್ತು. "ಭಾರತ ಹಟ ಮಾಡಿತು, ಸಮುದ್ರ ಉಳಿಸುವ ಒಪ್ಪಂದ ಕೆಡಿಸಿತು" ಅಂತ ಹೊರಗಿನ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಮುಂದಿಟ್ಟಿದ್ದ ಕರಡನ್ನು ಓದಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ.

ಆ ಕರಡಿನಲ್ಲಿ ಒಂದು ದಾರಿ ಇಟ್ಟಿದ್ದರು. ದೊಡ್ಡ ಸಬ್ಸಿಡಿ ಕೊಡುವ ದೇಶವೂ ಕೊಡುವುದನ್ನು ಮುಂದುವರಿಸಬಹುದು. ಮೀನಿನ ಸಂತತಿ ಕುಸಿಯದಂತೆ ನೋಡಿಕೊಳ್ಳುವ ಕ್ರಮಗಳು ತನ್ನಲ್ಲಿ ಇವೆ ಅಂತ ಕಾಗದದಲ್ಲಿ ತೋರಿಸಿದರೆ ಸಾಕು. ನೋಡಲು ನ್ಯಾಯವಾಗಿಯೇ ಇದೆ. ಆದರೆ ತೋರಿಸುವ ಶಕ್ತಿ ಯಾರಿಗಿದೆ? ಒಂದೊಂದು ಜಾತಿಯ ಮೀನು ಎಷ್ಟಿದೆ, ಎಷ್ಟು ಹುಟ್ಟುತ್ತದೆ, ಎಷ್ಟು ಹಿಡಿದರು ಅಂತ ಲೆಕ್ಕ ಇಡುವ ಹಡಗು, ವಿಜ್ಞಾನಿ, ಕಂಪ್ಯೂಟರ್ ಮಾದರಿ ಎಲ್ಲ ಯಾರ ಹತ್ತಿರ ಇದೆಯೋ ಅವರಿಗೆ. ನಾರ್ವೆಯ ಬೋಟೊಂದು ಕಾಡ್ ಮೀನಿನ ಹಿಂದೆ ಹೋದರೆ ಬಲೆಯಲ್ಲಿ ಬಹುಪಾಲು ಕಾಡ್ ಮೀನೇ ಇರುತ್ತದೆ. ಮಲ್ಪೆಯ ಟ್ರಾಲ್ ಬೋಟಿನ ಒಂದು ಎಳೆತದಲ್ಲಿ ರಾಣಿ ಮೀನು, ಬೊಂಡಾಸ್, ಸಿಗಡಿ, ನಂಗು, ಪಾಂಬೋಲು, ಹೆಸರಿಲ್ಲದ ಚಿಲ್ಲರೆ ಮೀನು ಎಲ್ಲ ಒಟ್ಟಿಗೆ ಬೀಳುತ್ತದೆ. ನಮ್ಮ ಕಡಲು ಅಂಥದ್ದು. ಇಲ್ಲಿ ಜಾತಿವಾರು ಲೆಕ್ಕ ಕೊಡುವುದು ಅವರಿಗಿಂತ ಎಷ್ಟೋ ಕಷ್ಟದ ಕೆಲಸ. ಬಡ ದೇಶಕ್ಕೆ ಸಿಗಬೇಕಾದ ವಿನಾಯಿತಿ ಹೀಗೆ ಶ್ರೀಮಂತ ದೇಶದ ಕೈಗೆ ಹೋಯಿತು.

ಇನ್ನೊಂದು ಕಡೆ ಮಾವನಂಥವರಿಗೆ ಅಂತಲೇ ಒಂದು ವಿನಾಯಿತಿ ಇಟ್ಟಿದ್ದರು. ಕಡಿಮೆ ಆದಾಯದ, ಹೊಟ್ಟೆಪಾಡಿನ ಮೀನುಗಾರಿಕೆಗೆ ಸಬ್ಸಿಡಿ ಕೊಡಬಹುದು, ಆದರೆ ತೀರದಿಂದ 12 ಅಥವಾ 24 ನಾಟಿಕಲ್ ಮೈಲಿನ ಒಳಗೆ. ಎರಡರಲ್ಲಿ ಯಾವುದು ಅಂತ ಕರಡಿನಲ್ಲಿ ತೀರ್ಮಾನ ಆಗಿರಲಿಲ್ಲ. 12 ನಾಟಿಕಲ್ ಮೈಲು ಅಂದರೆ ಸುಮಾರು 22 ಕಿಲೋಮೀಟರ್. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪ ಆರು ಕಿಲೋಮೀಟರ್ ಇದೆ. ಅದರ ನಾಲ್ಕು ಪಟ್ಟಿಗೂ ಕಡಿಮೆ ದೂರಕ್ಕೆ ಗೆರೆ ಬಂದುಬಿಡುತ್ತದೆ. ನಾಡದೋಣಿಗೆ ಇದು ಹೆಚ್ಚುಕಡಿಮೆ ಸಾಕು. ಆದರೆ ಮೀನು ದೂರ ಸರಿದ ವರ್ಷ, ಒಂದು ಸಣ್ಣ ಬೋಟಿನಲ್ಲಿ ಪಾಲಿಗೆ ದುಡಿಯುವ ಐದಾರು ಜನ ಗೆರೆ ದಾಟಿದ ಕೂಡಲೇ ಬಡವರಲ್ಲದಂತೆ ಆಗುತ್ತಾರಾ? ಸಮುದ್ರ ಕಾನೂನಿನ 1982ರ ಒಪ್ಪಂದ ಪ್ರತಿ ಕರಾವಳಿ ದೇಶಕ್ಕೂ 200 ನಾಟಿಕಲ್ ಮೈಲಿನವರೆಗೆ ಮೀನಿನ ಮೇಲೆ ಹಕ್ಕು ಕೊಟ್ಟಿದೆ. ಆ ಹಕ್ಕಿನ ಸಮುದ್ರದ ಒಳಗೆ ನಮ್ಮ ಮೀನುಗಾರರಿಗೆ ಏನು ಕೊಡಬೇಕು ಅನ್ನುವುದನ್ನು ನಾವು ತೀರ್ಮಾನಿಸುತ್ತೇವೆ, 25 ವರ್ಷ ಸಮಯ ಕೊಡಿ, ಮೊದಲು ದೂರದ ಕಡಲಿಗೆ ಹೋಗುವ ಹಡಗುಗಳ ಸಬ್ಸಿಡಿ 25 ವರ್ಷ ನಿಲ್ಲಿಸಿ ಅಂತ ಭಾರತ ಹೇಳಿದ್ದು ಇದಕ್ಕೇ.

ಜಗತ್ತಿನ ಮೀನಿನಲ್ಲಿ ಶೇಕಡಾ 0.8ಕ್ಕಿಂತ ಕಡಿಮೆ ಹಿಡಿಯುವ ಬಡ ದೇಶಗಳಿಗೆ ಪೂರ್ತಿ ವಿನಾಯಿತಿ ಕೊಡುವ ಮಾತೂ ಕರಡಿನಲ್ಲಿತ್ತು. ಭಾರತ ಅದರ ಒಳಗೆ ಬರುವುದೇ ಇಲ್ಲ. ನಮ್ಮದು ದೊಡ್ಡ ಕರಾವಳಿ, ಲಕ್ಷಾಂತರ ಮೀನುಗಾರರು, ಹಾಗಾಗಿ ಒಟ್ಟು ಮೊತ್ತ ದೊಡ್ಡದು. ತಲೆಗೆ ಹಂಚಿದರೆ ಏನೂ ಉಳಿಯುವುದಿಲ್ಲ. ನಿಯಮ ತಲೆ ಎಣಿಸುವುದಿಲ್ಲ, ದೇಶ ಎಣಿಸುತ್ತದೆ. ನೂರು ಜನರ ಮನೆಯ ಅಕ್ಕಿ ಖರ್ಚನ್ನೂ ನಾಲ್ಕು ಜನರ ಮನೆಯ ಖರ್ಚನ್ನೂ ಪಕ್ಕಪಕ್ಕ ಇಟ್ಟು, ನೂರು ಜನರ ಮನೆಯವರೇ ಜಾಸ್ತಿ ತಿನ್ನುತ್ತಾರೆ ಅಂದ ಹಾಗಾಯಿತು ಇದು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಒಂದು ಅಡಿಟಿಪ್ಪಣಿ ಓದಿದಾಗ. ಈಗ ಜಾರಿಯಲ್ಲಿರುವ ಒಪ್ಪಂದದ್ದೇ ಅದು. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಹಣ ಕೊಟ್ಟು ಅದರ ಸಮುದ್ರದಲ್ಲಿ ಮೀನು ಹಿಡಿಯುವ ಹಕ್ಕು ಪಡೆದರೆ, ಆ ಹಣವನ್ನು ಸಬ್ಸಿಡಿ ಅಂತ ಎಣಿಸಬಾರದು ಅನ್ನುತ್ತದೆ ಆ ಟಿಪ್ಪಣಿ. ಯುರೋಪಿಯನ್ ಒಕ್ಕೂಟ 2021ರ ಒಪ್ಪಂದದಲ್ಲಿ ಪಶ್ಚಿಮ ಆಫ್ರಿಕಾದ ಮಾರಿಟಾನಿಯಾಕ್ಕೆ ವರ್ಷಕ್ಕೆ 5 ಕೋಟಿ 75 ಲಕ್ಷ ಯೂರೋ ಕೊಡಲು ಒಪ್ಪಿತು. ಅದಕ್ಕೆ ಬದಲಾಗಿ ಯುರೋಪಿನ ಹಡಗುಗಳು ಅಲ್ಲಿ ಹೋಗಿ ಮೀನು ಹಿಡಿಯಬಹುದು. ಹಡಗಿನವರೂ ತಮ್ಮ ಪಾಲು ಕಟ್ಟುತ್ತಾರೆ ನಿಜ. ಆದರೆ ಬಾಗಿಲು ತೆರೆಸಲು ಹಣ ಹಾಕಿದ್ದು ಸರ್ಕಾರ. ನನ್ನ ಮಟ್ಟಿಗೆ ಅದು ಸಬ್ಸಿಡಿಯೇ. ಮಾವನ ಸೀಮೆಎಣ್ಣೆಗೆ ಕೊಟ್ಟದ್ದು ಸಬ್ಸಿಡಿ, ಯುರೋಪ್ ಕೊಟ್ಟದ್ದು ಸಬ್ಸಿಡಿ ಅಲ್ಲ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಮಾರಿಟಾನಿಯಾದ ಪಕ್ಕದಲ್ಲೇ ಸೆನೆಗಲ್. ಅಲ್ಲಿನ ಜನರ ದಿನದ ಮೀನು ಸಾರ್ಡಿನೆಲ್ಲಾ. ಅವರು ಅದನ್ನು ಯಬೋಯ್ ಅನ್ನುತ್ತಾರೆ. ನಮ್ಮ ಬೂತಾಯಿಯ ಹತ್ತಿರದ ನೆಂಟ ಅದು, ಒಂದೇ ಕುಲದ ಮೀನು. ಅಲ್ಲೂ ಬಡವರ ಊಟ ಅದೇ, ಅಲ್ಲೂ ಹೆಂಗಸರೇ ಅದನ್ನು ಒಣಗಿಸಿ ಮಾರುವವರು. ಹೊರಗಿನ ಹಡಗುಗಳೂ ತೀರದಲ್ಲಿ ಎದ್ದ, ಮೀನನ್ನು ಪುಡಿ ಮಾಡುವ ಫಿಶ್‌ಮಿಲ್‌ಗಳೂ ಸೇರಿ ಆ ಮೀನು ಕಡಿಮೆಯಾಯಿತು. ಬಣ್ಣ ಬಳಿದ ಉದ್ದನೆಯ ಮರದ ದೋಣಿಗಳಲ್ಲಿ ಮೀನಿಗೆ ಹೋಗುತ್ತಿದ್ದ ಹುಡುಗರು, ಈಗ ಅದೇ ದೋಣಿಗಳಲ್ಲಿ ಅಟ್ಲಾಂಟಿಕ್ ದಾಟಿ ಸ್ಪೇನಿನ ಕ್ಯಾನರಿ ದ್ವೀಪಕ್ಕೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಎಷ್ಟೋ ಜನ ದಾರಿಯಲ್ಲೇ ಮುಳುಗಿದ್ದಾರೆ. ಸೆನೆಗಲ್ ಜೊತೆಗಿನ ಯುರೋಪಿನ ಒಪ್ಪಂದ 2024ರ ನವೆಂಬರ್‌ನಲ್ಲಿ ಮುಗಿಯಿತು, ಮತ್ತೆ ಆಗಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುವ ಗಾದೆ ನಮ್ಮಲ್ಲಿ ಇದೆಯಲ್ಲ, ಸೆನೆಗಲ್‌ನ ಮೀನುಗಾರನಿಗೆ "ನೀನು ಸಮುದ್ರ ಉಳಿಸಬೇಕು" ಅಂತ ಪಾಠ ಹೇಳುವುದು ಹಾಗೆಯೇ.

ಒಂದು ಸಣ್ಣ ತಾಂತ್ರಿಕ ವಿಷಯ. ಈ ಒಪ್ಪಂದ ಹಿಡಿಯುವುದು ಒಂದು ಗುಂಪಿಗೆ ಅಂತಲೇ ಕೊಟ್ಟ ಸಬ್ಸಿಡಿಯನ್ನು ಮಾತ್ರ. ದೇಶದ ಎಲ್ಲ ಉದ್ಯಮಗಳಿಗೂ ಒಟ್ಟಾಗಿ ಇಂಧನ ಅಗ್ಗ ಮಾಡಿಕೊಟ್ಟರೆ ಅದು ಇದರ ಕೆಳಗೆ ಬರುವುದಿಲ್ಲ. ಅಷ್ಟು ಮಾಡಲು ಖಜಾನೆ ದೊಡ್ಡದಿರಬೇಕು. ನಮ್ಮಂಥ ಕಡೆ ಇರುವ ಸ್ವಲ್ಪ ಹಣವನ್ನು ಮೀನುಗಾರರಿಗೆ ಅಂತ ಬೇರೆ ಇಟ್ಟು ಪಾಸ್‌ಬುಕ್ ಮಾಡಿ ಕೊಡುತ್ತೇವೆ. ಆ ಪಾಸ್‌ಬುಕ್ಕೇ ನಮ್ಮ ವಿರುದ್ಧದ ಸಾಕ್ಷಿ.

ಅಕ್ಕಿಯಲ್ಲೂ ಇಂಥದ್ದೇ ಆಗಿದೆ. ರೈತರಿಂದ ಬೆಂಬಲ ಬೆಲೆಗೆ ಕೊಂಡು ರೇಷನ್‌ನಲ್ಲಿ ಕೊಡುವ ಅಕ್ಕಿಯ ಸಬ್ಸಿಡಿಯನ್ನು ವಿಶ್ವ ವ್ಯಾಪಾರ ಸಂಸ್ಥೆ 1986ರಿಂದ 88ರ ಬೆಲೆಯ ಜೊತೆ ಹೋಲಿಸಿ ಅಳೆಯುತ್ತದೆ. ಆ ಹಳೇ ಬೆಲೆಯ ಎದುರು ಇವತ್ತಿನ ಯಾವ ಬೆಂಬಲ ಬೆಲೆಯೂ ಭಾರೀ ಸಬ್ಸಿಡಿಯಾಗಿ ಕಾಣುತ್ತದೆ. 2018-19ರಲ್ಲಿ ಭಾರತ, ದೇಶದ ಅಕ್ಕಿ ಉತ್ಪಾದನೆಯ ಮೌಲ್ಯದ ಶೇಕಡಾ 10 ಎಂಬ ಮಿತಿ ದಾಟಿತು. ಮಿತಿ ದಾಟಿದರೂ ಯಾರೂ ದೂರು ಕೊಡುವಂತಿಲ್ಲ ಅಂತ 2013ರ ಬಾಲಿ ಸಮ್ಮೇಳನದಲ್ಲಿ ಸಿಕ್ಕಿದ್ದ ತಾತ್ಕಾಲಿಕ ರಕ್ಷಣೆಯ ಮೊರೆ ಹೋಗಬೇಕಾಯಿತು.

ನಿಯಮ ಹೇಗಿದ್ದರೂ ನ್ಯಾಯ ಕೇಳಲು ಒಂದು ಜಾಗ ಇದೆಯಲ್ಲ ಅಂತ ಕೇಳಬಹುದು. ಅದನ್ನೂ ನಮ್ಮ ಕರಾವಳಿ ಕಂಡಿದೆ. ಟ್ರಾಲ್ ಬಲೆಯಲ್ಲಿ ಕಡಲಾಮೆ ಸಿಕ್ಕಿ ಸಾಯುತ್ತದೆ, ಬಲೆಯಲ್ಲಿ ಆಮೆ ಹೊರಗೆ ಹೋಗುವ ಕಿಂಡಿ ಇಲ್ಲದ ದೇಶದ ಸಿಗಡಿ ನಮಗೆ ಬೇಡ ಅಂತ ಅಮೆರಿಕ 1996ರಲ್ಲಿ ನಮ್ಮ ಕಡೆಯ ಸಿಗಡಿಗೂ ಬಾಗಿಲು ಹಾಕಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ದೂರು ಕೊಟ್ಟವು. 1998ರ ಅಕ್ಟೋಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ ತೀರ್ಪು ಕೊಟ್ಟಿತು. ಆಮೆ ಉಳಿಸುವ ಉದ್ದೇಶ ಸರಿ, ಆದರೆ ಜಾರಿ ಮಾಡಿದ ರೀತಿಯಲ್ಲಿ ಭೇದ ಇದೆ ಎಂದಿತು. ಕೆರಿಬಿಯನ್ ಕಡೆಯ ದೇಶಗಳಿಗೆ ಬಲೆ ಬದಲಾಯಿಸಲು ಮೂರು ವರ್ಷ ಸಮಯ ಕೊಟ್ಟಿದ್ದರು. ಏಷ್ಯಾದವರಿಗೆ ಕೊಟ್ಟಿದ್ದು ನಾಲ್ಕು ತಿಂಗಳು. ಗೆದ್ದೆವು ಅಂತಲೇ ಎಲ್ಲರೂ ಅಂದುಕೊಂಡರು. ಅಮೆರಿಕ ಜಾರಿಯ ರೀತಿ ತಿದ್ದಿಕೊಂಡಿತು, ಕಾನೂನು ಉಳಿಯಿತು. 2019ರಿಂದ ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿ ಮತ್ತೆ ಅಮೆರಿಕಕ್ಕೆ ಹೋಗುವಂತಿಲ್ಲ. ಕೆರೆಯಲ್ಲಿ ಸಾಕಿದ ಸಿಗಡಿ ಹೋಗಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಮೆಯ ವಿಷಯದಲ್ಲಿ ಅವರ ಕಾಳಜಿ ಸುಳ್ಳಲ್ಲ. ಕುಂದಾಪುರದ ಕೋಡಿ ಕಿನಾರೆಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಆ ಗೂಡುಗಳನ್ನು ಊರಿನ ಹುಡುಗರೇ ರಾತ್ರಿ ಕಾಯುತ್ತಾರೆ. ಕಿಂಡಿಯಿರುವ ಬಲೆಯನ್ನು ಕೊಚ್ಚಿಯ ನಮ್ಮದೇ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತಯಾರಿಸಿ ಎಷ್ಟೋ ವರ್ಷವಾಯಿತು. ಅದನ್ನು ಬೋಟಿನವರ ಕೈಗೆ ಮುಟ್ಟಿಸುವ, ಮೀನು ತಪ್ಪಿಹೋಗುತ್ತದೆ ಎಂಬ ಅವರ ಭಯವನ್ನು ಬಿಡಿಸುವ ಕೆಲಸ ನಮ್ಮ ಕಡೆಯಿಂದಲೇ ಆಗಬೇಕಿತ್ತು. ಇಪ್ಪತ್ತು ವರ್ಷ ಕೈಯಲ್ಲಿತ್ತು.

ಇನ್ನು ಆ ಮೇಲ್ಮನವಿ ಪೀಠ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ಅದು ಕೆಲಸವನ್ನೇ ನಿಲ್ಲಿಸಿದೆ. ಪೀಠ ಇದ್ದಾಗಲೂ ಬಡವರಿಗೆ ಸಿಕ್ಕಿದ್ದು ಎಷ್ಟು ಅನ್ನುವುದಕ್ಕೆ ಹತ್ತಿಯ ಕಥೆ ಸಾಕು. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಸುರಿಯುವ ಸಬ್ಸಿಡಿಯಿಂದ ಬೆಲೆ ಬಿದ್ದು ತಮ್ಮ ರೈತರು ಹಾಳಾದರು ಅಂತ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೋ, ಚಾಡ್, ಮಾಲಿ ದೇಶಗಳು 2003ರಲ್ಲಿ ದನಿ ಎತ್ತಿದವು. ಅದೇ ಸಬ್ಸಿಡಿಯ ಮೇಲೆ ಬ್ರೆಜಿಲ್ ಕೇಸು ಹಾಕಿ ಗೆದ್ದಿತು. ಅಮೆರಿಕದ ಸರಕುಗಳ ಮೇಲೆ ಸುಂಕ ಏರಿಸುತ್ತೇವೆ ಅಂತ ಬ್ರೆಜಿಲ್ ಹೆದರಿಸಬಲ್ಲದು, ಹೆದರಿಸಿತು. 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ರಾಜಿಯ ಹಣ ಹೋದದ್ದು ಬ್ರೆಜಿಲ್‌ಗೆ, ಬೆನಿನ್‌ಗಲ್ಲ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೆ ಹಸಿ ಬೀಜ ಕಳಿಸಿಕೊಡುತ್ತಿದ್ದ ದೇಶ ಬೆನಿನ್. ಬೆನಿನ್ ಸುಂಕ ಏರಿಸಿದರೆ ಅಮೆರಿಕಕ್ಕೆ ಗೊತ್ತೂ ಆಗುವುದಿಲ್ಲ. ವ್ಯಾಪಾರದ ನ್ಯಾಯಾಲಯದಲ್ಲಿ ತೀರ್ಪು ಜಾರಿ ಮಾಡುವ ಪೊಲೀಸರು ಇಲ್ಲ. ಗೆದ್ದವನು ತಾನೇ ತಿರುಗಿ ಹೊಡೆಯಬೇಕು. ಹೊಡೆಯುವ ಶಕ್ತಿ ಇಲ್ಲದವನಿಗೆ ಗೆಲುವು ಬರೀ ಕಾಗದ.

ಇಷ್ಟೆಲ್ಲ ಹೇಳಿದ ಮೇಲೆ, ಭಾರತದ ವಾದ ಪೂರ್ತಿ ಸರಿ ಅಂತ ಇಲ್ಲಿಗೇ ನಿಲ್ಲಿಸಿದರೆ ಮಾವನಿಗೆ ಮೋಸ ಮಾಡಿದ ಹಾಗಾಗುತ್ತದೆ.

2022ರಲ್ಲಿ ಜಿನೀವಾದಲ್ಲಿ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಒಂದು ಲೆಕ್ಕ ಕೊಟ್ಟರು. ಕೆಲವು ದೇಶಗಳು ಒಬ್ಬ ಮೀನುಗಾರನಿಗೆ 42,000, 65,000, 75,000 ಡಾಲರ್‌ವರೆಗೆ ಸಬ್ಸಿಡಿ ಕೊಡುತ್ತವೆ, ಭಾರತ ಒಂದು ಕುಟುಂಬಕ್ಕೆ ವರ್ಷಕ್ಕೆ ಕೊಡುವುದು ಬರೀ 15 ಡಾಲರ್ ಅಂದರು. ಆಗಿನ ರೂಪಾಯಿ ಲೆಕ್ಕದಲ್ಲಿ ಒಂದು ಕಡೆ 58 ಲಕ್ಷ, ಇನ್ನೊಂದು ಕಡೆ ಸಾವಿರದ ಇನ್ನೂರರ ಆಸುಪಾಸು. ಈ ಹೋಲಿಕೆ ಮುಖ್ಯವಾದದ್ದು, ಹೇಳಲೇಬೇಕಾದದ್ದು. ಆದರೆ 15 ಡಾಲರ್ ಅನ್ನುವುದು ಸರಾಸರಿ. ಮಲ್ಪೆ ದಕ್ಕೆಯಲ್ಲಿ ಸರಾಸರಿ ಮೀನುಗಾರ ಅನ್ನುವವನು ಎಲ್ಲೂ ಸಿಗುವುದಿಲ್ಲ.

2023ರ ರಾಜ್ಯ ಬಜೆಟ್‌ನಲ್ಲಿ ಬೋಟುಗಳಿಗೆ ಕೊಡುವ ಕರರಹಿತ ಡೀಸೆಲಿನ ಮಿತಿಯನ್ನು ವರ್ಷಕ್ಕೆ ಒಂದೂವರೆ ಲಕ್ಷದಿಂದ 2 ಲಕ್ಷ ಕಿಲೋಲೀಟರ್‌ಗೆ ಏರಿಸಿದರು. ಇದರಿಂದ 250 ಕೋಟಿ ರೂಪಾಯಿವರೆಗೆ ಅನುಕೂಲ ಅಂತ ಹೇಳಿದರು. ಭಾಗಿಸಿ ನೋಡಿ, ಲೀಟರಿಗೆ ಹನ್ನೆರಡೂವರೆ ರೂಪಾಯಿ. ಆಳಸಮುದ್ರಕ್ಕೆ ಹತ್ತು ದಿನ ಹೋಗಿಬರುವ ಬೋಟಿಗೆ ಒಂದು ಟ್ರಿಪ್‌ಗೆ ಸಾವಿರಾರು ಲೀಟರ್ ಬೇಕು. ಬರೀ ಸಾವಿರ ಲೀಟರ್‌ಗೇ 12,500 ರೂಪಾಯಿ ಆಯಿತು. ಜಿನೀವಾದಲ್ಲಿ ಹೇಳಿದ ವರ್ಷದ ಲೆಕ್ಕದ ಹತ್ತು ಪಟ್ಟು ಒಂದೇ ಟ್ರಿಪ್‌ನಲ್ಲಿ ಸಿಕ್ಕಿಬಿಡುತ್ತದೆ. ಅದೇ ಹೊತ್ತಿಗೆ ಮಾವನ ಕ್ಯಾನ್ ಖಾಲಿ. ಮಳೆಗಾಲದ 61 ದಿನದ ರಜೆಯಲ್ಲಿ ಕೂಲಿ ಮೀನುಗಾರನಿಗೆ ಸಿಗುವ ಉಳಿತಾಯ ಪರಿಹಾರ ಯೋಜನೆಯಲ್ಲಿ ಅವನೇ 1,500 ರೂಪಾಯಿ ಕಟ್ಟಬೇಕು, ಸರ್ಕಾರ 3,000 ಸೇರಿಸುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಹೆಂಗಸರು ಡೀಸೆಲಿನ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಬೋಟಿನ ಮಾಲೀಕರೆಲ್ಲ ಸುಖವಾಗಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಸಾಲ ಮಾಡಿ ಬೋಟು ಮಾಡಿ, ಎರಡು ಋತು ಮೀನು ಸಿಗದೆ ಮನೆ ಅಡವಿಟ್ಟವರು ನಮ್ಮ ಊರಲ್ಲೇ ಇದ್ದಾರೆ. ಆದರೆ ಜಿನೀವಾದಲ್ಲಿ ನಾಡದೋಣಿಯ ಫೋಟೋ ತೋರಿಸಿ, ಇಲ್ಲಿ ಹಣ ದೊಡ್ಡ ಎಂಜಿನ್‌ಗೆ ಹಾಕುವುದು ಸರಿಯಲ್ಲ. ಇದರಿಂದ ಏನಾಗುತ್ತದೆ ಅಂತ ನಮಗೆ ಮೊದಲೇ ಗೊತ್ತು. ನಮ್ಮ ಅಜ್ಜನ ಕಾಲದಲ್ಲಿ ರಂಪಣಿ ಇತ್ತು. ಹತ್ತಾರು ಮನೆಯವರು ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಬಂದ ಬಂಗುಡೆ, ಬೂತಾಯಿ ಎಲ್ಲರಿಗೂ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಮೀನನ್ನು ಸಮುದ್ರದಲ್ಲೇ ಸುತ್ತುಗಟ್ಟಿದವು. ದಡಕ್ಕೆ ಮೀನು ಬರುವುದು ನಿಂತಿತು. ಕೆಲವೇ ವರ್ಷದಲ್ಲಿ ರಂಪಣಿ ಹೋಯಿತು. ಸೆನೆಗಲ್‌ನಲ್ಲಿ ಹೊರಗಿನ ಹಡಗು ಮಾಡಿದ್ದನ್ನು ಇಲ್ಲಿ ನಮ್ಮವರೇ ನಮ್ಮವರಿಗೆ ಮಾಡಿದರು.

ಈಗ ಒಪ್ಪಂದದ ಮೊದಲ ನಿಯಮವನ್ನು ಇನ್ನೊಮ್ಮೆ ಓದಿ. ಕಾನೂನು ಮೀರಿ ಮೀನು ಹಿಡಿಯುವ ಬೋಟಿಗೆ ಸಬ್ಸಿಡಿ ಕೊಡಬಾರದು. ಜನರೇಟರ್ ಇಟ್ಟು ರಾತ್ರಿ ಸಮುದ್ರಕ್ಕೆ ಬೆಳಕು ಬಿಟ್ಟು, ಬೆಳಕಿಗೆ ಬಂದ ಮರಿ ಮೀನನ್ನೂ ಬಿಡದೆ ಬಾಚುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಎರಡು ಬೋಟು ಕಟ್ಟಿ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿದೆ. ಇದು ನಿಲ್ಲಲಿ ಅಂತ ನಾಡದೋಣಿಯವರು ಅಂದಿನಿಂದ ಬೀದಿಗೆ ಇಳಿಯುತ್ತಲೇ ಇದ್ದಾರೆ. ನಿಷೇಧ ಮೀರಿದ ಬೋಟಿನ ಡೀಸೆಲ್ ಪಾಸ್‌ಬುಕ್ ರದ್ದು ಮಾಡಿ ಅನ್ನುವುದು ಅವರ ಬೇಡಿಕೆಗಳಲ್ಲೇ ಬರುವ ಮಾತು. ಜಿನೀವಾದ ಕಾಗದ ಹೇಳುವುದೂ ಅದನ್ನೇ. ಈ ಒಂದು ವಿಷಯದಲ್ಲಿ ಮಾವನೂ ಆ ಒಪ್ಪಂದವೂ ಒಂದೇ ಕಡೆ ನಿಂತಿದ್ದಾರೆ.

ಹಾಗಾಗಿ ಭಾರತ ಎರಡನೇ ಕಂತಿನಲ್ಲಿ ಗಟ್ಟಿಯಾಗಿ ನಿಲ್ಲಲಿ ಅಂತಲೇ ನಾನು ಬಯಸುತ್ತೇನೆ. ದೂರದ ಕಡಲಿನ ಹಡಗುಗಳ ಸಬ್ಸಿಡಿ ಮೊದಲು ನಿಲ್ಲಬೇಕು. ಲೆಕ್ಕ ತಲೆಗೆ ಹಾಕಬೇಕು. ಆ ಅಡಿಟಿಪ್ಪಣಿ ಹೋಗಬೇಕು. ಆದರೆ ಹಾಗೆ ನಿಲ್ಲುವವರ ಕೈಯಲ್ಲಿ ನಾಡದೋಣಿಗೆ ಇಷ್ಟು, ಸಣ್ಣ ಬೋಟಿಗೆ ಇಷ್ಟು, ಆಳಸಮುದ್ರದ ಬೋಟಿಗೆ ಇಷ್ಟು ಅಂತ ಬೇರೆಬೇರೆ ಬಿಡಿಸಿದ ಲೆಕ್ಕ ಇರಬೇಕು. ನಮ್ಮ 61 ದಿನದ ರಜೆಯನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ದಡದಲ್ಲಿ ನಿಲ್ಲುತ್ತವೆ. ಮೀನು ಉಳಿಸಲು ಇಷ್ಟು ದೊಡ್ಡ ತ್ಯಾಗ ಮಾಡುವ ದೇಶಗಳು ಎಷ್ಟಿವೆ? ಅದರಿಂದ ಯಾವ ಮೀನು ಎಷ್ಟು ಚೇತರಿಸಿತು ಅಂತ ಜಾತಿವಾರು ತೋರಿಸಿದರೆ, ಶ್ರೀಮಂತ ದೇಶಗಳು ತಮಗೆ ಅಂತ ಮಾಡಿಕೊಂಡ ಬಾಗಿಲಲ್ಲೇ ನಾವೂ ಒಳಗೆ ಹೋಗಬಹುದು.

ಲೆಕ್ಕ ಇಡುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲಿದೆ. ಅವರ ಸಿಬ್ಬಂದಿ ಬೆಳಗಿನ ಜಾವ ದಕ್ಕೆಯಲ್ಲಿ ಪುಸ್ತಕ ಹಿಡಿದು ಓಡಾಡುವುದನ್ನು ನಾನು ನೋಡಿದ್ದೇನೆ. ಏಲಂ ಗದ್ದಲದ ನಡುವೆ ಬೋಟು ನಡೆಸುವ ತಂಡೇಲನ ಹತ್ತಿರ ನಿಂತು, ಎಷ್ಟು ದಿನ ಹೋಗಿದ್ದಿರಿ, ಎಷ್ಟು ಸಲ ಬಲೆ ಬಿಟ್ಟಿರಿ, ಎಷ್ಟು ಆಳದಲ್ಲಿ ಅಂತ ಕೇಳುತ್ತಾರೆ. ಕ್ರೇಟಿನಲ್ಲಿರುವ ಮೀನನ್ನು ಕೈಯಲ್ಲಿ ಹಿಡಿದು ಉದ್ದ ಅಳೆಯುತ್ತಾರೆ. ತಂಡೇಲನಿಗೆ ಅವಸರ, ನಿದ್ದೆ ಇಲ್ಲದ ಕಣ್ಣು, ಆದರೂ ಉತ್ತರ ಕೊಡುತ್ತಾನೆ. ಇಂಥ ಪುಸ್ತಕಗಳಿಂದಲೇ ದೇಶದ 135 ಮೀನು ಸಂತತಿಗಳ 2022ರ ಸ್ಥಿತಿಯ ಲೆಕ್ಕ ಬಂದದ್ದು. ಅದರಲ್ಲಿ ಶೇಕಡಾ 91 ಆರೋಗ್ಯವಾಗಿವೆ ಅಂತ ಸಂಸ್ಥೆ ಹೇಳಿತು. ಜಿನೀವಾದ ಮೇಜಿನ ಮೇಲೆ ನಮ್ಮ ಪರವಾಗಿ ಇಡಬಹುದಾದ ಅತಿ ಗಟ್ಟಿ ಕಾಗದ ಅದು. ಆ ಕೆಲಸಕ್ಕೆ ಇನ್ನಷ್ಟು ಜನ, ಇನ್ನಷ್ಟು ಹಣ ಕೊಡುವುದನ್ನು ಯಾವ ಒಪ್ಪಂದವೂ ತಡೆಯುವುದಿಲ್ಲ.

ಸಮಯ ಜಾಸ್ತಿ ಇಲ್ಲ. ಜಾರಿಗೆ ಬಂದ ನಾಲ್ಕು ವರ್ಷದೊಳಗೆ ಎರಡನೇ ಕಂತು ಆಗದಿದ್ದರೆ, ಸದಸ್ಯರು ಬೇರೆ ತೀರ್ಮಾನ ಮಾಡದ ಹೊರತು ಇಡೀ ಒಪ್ಪಂದವೇ ಬಿದ್ದುಹೋಗುತ್ತದೆ ಅಂತ ಅದರಲ್ಲೇ ಬರೆದಿದೆ. 2029ರ ಸೆಪ್ಟೆಂಬರ್ 15 ಆ ಗಡುವು.

ಇದೆಲ್ಲ ಓದಿಕೊಂಡು ಮತ್ತೆ ಪಡುಕೆರೆಗೆ ಹೋದೆ. ಮಾವ ಅದೇ ಜಾಗದಲ್ಲಿ, ಬೇರೆ ಬಲೆ. ಸೀಮೆಎಣ್ಣೆ ಬಂದಿತ್ತು, ಕ್ಯಾನ್ ತುಂಬಿತ್ತು. ನಾನು ಹೇಳುತ್ತಾ ಹೋದೆ, ಅವರು ಹೂಂಗುಟ್ಟುತ್ತಾ ಹೆಣೆಯುತ್ತಿದ್ದರು. 15 ಡಾಲರಿನ ಮಾತು ಬಂದಾಗ ತಲೆ ಎತ್ತಿದರು.

"ಅಂದ್ರೆ ಬೋಟಿನವರದ್ದೂ ನಮ್ಮದೂ ಒಂದೇ ಲೆಕ್ಕದಲ್ಲಿ ಸೇರಿಸಿದ್ದಾರಾ?"

"ಹೌದು ಮಾವ. ಒಟ್ಟಿಗೇ."

ಮಾವ ಕಡ್ಡಿ ಕೆಳಗಿಟ್ಟರು.